ಮುದ್ದೆ ನುಂಗುವ ಮನೆಯಲ್ಲಿ ಹಯಾಟಸ್ ಹರ್ನಿಯಾ ಆಪರೇಷನ್: ಒಂದು ಪ್ರಕರಣ

ರೋಗಿ 58 ವರ್ಷದ ಹೆಂಗಸು. ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿ. ಸ್ವಲ್ಪ ತೆಂಗು, ಸ್ವಲ್ಪ ರಾಗಿ, ಎರಡು ಸೀಮೆಹಸು. ನನಗೆ ಸೋದರತ್ತೆ, ಅಪ್ಪನ ತಂಗಿ. ನಾನು ಡಯಟೀಶಿಯನ್. ಆಪರೇಷನ್ ಆಗಿದ್ದು ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಲ್ಲ. ಆದರೆ ಮೊದಲಿನಿಂದ ಕೊನೆವರೆಗೂ ಜೊತೆಗಿದ್ದೆ. ಅತ್ತೆಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಹೆಸ್ರು ಬ್ಯಾಡ, ಮಿಕ್ಕಿದ್ದೆಲ್ಲ ಬರ್ಕೊ" ಅಂದಿದ್ದಾರೆ.

ಎದೆಯುರಿ, ಹುಳಿತೇಗು ಹತ್ತು ವರ್ಷದಿಂದಲೂ ಇತ್ತು. ಮೆಡಿಕಲ್ ಸ್ಟೋರಿನಿಂದ ಪ್ಯಾಂಟೊಪ್ರಜೋಲ್ ಮಾತ್ರೆ ತರಿಸಿಕೊಂಡು ಬೆಳಿಗ್ಗೆ ಒಂದು ನುಂಗುತ್ತಿದ್ದರು. ಜಾಸ್ತಿಯಾದರೆ ಒಂದು ಈನೋ. ಮನೆಯವರಿಗೂ ಅದು ಅಭ್ಯಾಸವಾಗಿಬಿಟ್ಟಿತ್ತು. ಗ್ಯಾಸ್ಟ್ರಿಕ್ ಯಾರಿಗಿಲ್ಲ ಹೇಳಿ?

ಆಮೇಲಾಮೇಲೆ ಉರಿ ಕಮ್ಮಿಯಾಯ್ತು, ಬೇರೆ ತೊಂದರೆ ಶುರುವಾಯ್ತು. ಹಸು ಕರೆಯಲು ಕೂತರೆ, ಅಂಗಳ ಗುಡಿಸಲು ಬಗ್ಗಿದರೆ ತಿಂದಿದ್ದು ಗಂಟಲಿಗೆ ವಾಪಸ್ ಬರುತ್ತಿತ್ತು. ರಾತ್ರಿ ಮಲಗಿದರೆ ಕೆಮ್ಮು. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ಹುಳಿ ನೀರಿನ ಕಲೆ. ಊಟಕ್ಕೆ ಕೂತರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ. ಇದನ್ನೆಲ್ಲ ಅವರು ಯಾರಿಗೂ ಹೇಳಲಿಲ್ಲ. ಉರಿ ಇಲ್ಲವಲ್ಲ, ಮಾತ್ರೆ ಕೆಲಸ ಮಾಡ್ತಿದೆ ಅಂದುಕೊಂಡಿದ್ದರು. ಮಾತ್ರೆ ಅದರ ಕೆಲಸ ಮಾಡುತ್ತಲೇ ಇತ್ತು. ಅದು ಜಠರದ ಆಮ್ಲವನ್ನು ಕಮ್ಮಿ ಮಾಡುತ್ತದೆ, ಮೇಲಕ್ಕೆ ಬರುವುದನ್ನು ತಡೆಯುವುದಿಲ್ಲ. ಅನ್ನನಾಳ ಜಠರಕ್ಕೆ ಸೇರುವಲ್ಲಿರುವ ಬಾಗಿಲೇ ಸಡಿಲವಾಗಿದ್ದರೆ ಆಮ್ಲವಿಲ್ಲದ ಊಟವೂ ವಾಪಸ್ ಬರುತ್ತದೆ.

ಕೊನೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು ಏದುಸಿರಿಗೆ. ಕೆರೆ ಏರಿ ಹತ್ತುವಷ್ಟರಲ್ಲಿ ಕೂತುಬಿಡುತ್ತಿದ್ದರು. ಎಲ್ಲರೂ ಹೃದಯ ಅಂದುಕೊಂಡೆವು. ಇಸಿಜಿ, ಎಕೋ ಎರಡೂ ಸರಿಯಾಗಿದ್ದವು. ಹಿಮೋಗ್ಲೋಬಿನ್ ಮಾತ್ರ 7.8. ಕಬ್ಬಿಣದ ಮಾತ್ರೆ ಕೊಟ್ಟರು, 10ಕ್ಕೆ ಏರಿತು. ನಿಲ್ಲಿಸಿದ ಮೇಲೆ ಮತ್ತೆ ಇಳಿಯಿತು. ಆಗ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಒಂದು ಪ್ರಶ್ನೆ ಕೇಳಿದರು: ಮುಟ್ಟು ನಿಂತು ಎಷ್ಟೋ ವರ್ಷ ಆಗಿದೆ, ಹಾಗಾದರೆ ರಕ್ತ ಎಲ್ಲಿಗೆ ಹೋಗುತ್ತಿದೆ? ಇಡೀ ಪ್ರಕರಣ ತಿರುಗಿದ್ದೇ ಆ ಪ್ರಶ್ನೆಯಿಂದ. ಬಾಯಿಂದ ಕ್ಯಾಮೆರಾ ಬಿಟ್ಟು ಜಠರ ನೋಡುವ ಎಂಡೋಸ್ಕೋಪಿ, ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ಎರಡಕ್ಕೂ ಬರೆದುಕೊಟ್ಟರು. ಈ ವಯಸ್ಸಿನಲ್ಲಿ ಕಾರಣ ಗೊತ್ತಿಲ್ಲದೆ ರಕ್ತ ಕಮ್ಮಿಯಾದರೆ ದೊಡ್ಡ ಕರುಳಿನಲ್ಲಿ ಗೆಡ್ಡೆ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು.

ಕರುಳು ಚೆನ್ನಾಗಿತ್ತು. ಎಂಡೋಸ್ಕೋಪಿಯಲ್ಲಿ ಉತ್ತರ ಸಿಕ್ಕಿತು. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ತೆಳುವಾದ ಸ್ನಾಯು ಇದೆ. ಅದರಲ್ಲಿರುವ ಒಂದು ಕಿಂಡಿಯ ಮೂಲಕ ಅನ್ನನಾಳ ಕೆಳಗಿಳಿದು ಜಠರ ಸೇರುತ್ತದೆ. ಆ ಕಿಂಡಿ ದೊಡ್ಡದಾಗಿ ಜಠರವೇ ಮೇಲಕ್ಕೆ ನುಗ್ಗಿದರೆ ಅದು ಹಯಾಟಸ್ ಹರ್ನಿಯಾ. ಅತ್ತೆಗೆ ಆರು ಸೆಂಟಿಮೀಟರ್ ಮೇಲೆ ಹೋಗಿತ್ತು. ಅನ್ನನಾಳದ ಕೆಳಭಾಗದಲ್ಲಿ ಸಿ ಗ್ರೇಡ್ ಹುಣ್ಣು (ಎ ಅಂದರೆ ಸಣ್ಣದು, ಡಿ ಅಂದರೆ ತೀರ ಜಾಸ್ತಿ). ಜಠರ ವಪೆಗೆ ಉಜ್ಜುವ ಜಾಗದಲ್ಲಿ ಉದ್ದುದ್ದ ಗೀರುಗಳು. ಈ ಗೀರುಗಳಿಗೆ ಕ್ಯಾಮರೂನ್ ಹುಣ್ಣು ಅನ್ನುತ್ತಾರೆ. 1986ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರು ಅದಕ್ಕೆ ಉಳಿದಿದೆ. ಉಸಿರಾಡಿದಾಗಲೆಲ್ಲ ಅಲ್ಲಿ ತಿಕ್ಕಾಟ, ಅಲ್ಲಿಂದ ಕಣ್ಣಿಗೆ ಕಾಣದಷ್ಟು ರಕ್ತ ಜಿನುಗುವುದು. ಸಾಮಾನ್ಯವಾಗಿ ಮಲ ಕಪ್ಪಗಾಗುವಷ್ಟೂ ಇರುವುದಿಲ್ಲ. ವರ್ಷಗಟ್ಟಲೆ ಜಿನುಗಿ ಜಿನುಗಿ ಹಿಮೋಗ್ಲೋಬಿನ್ 7.8 ಆಗಿತ್ತು.

ಆಪರೇಷನ್ ಬೇಕಾ, ಬೇಡವಾ

ಈ ಪ್ರಶ್ನೆಗೆ ಹೋದ ಸಮಯವೇ ಜಾಸ್ತಿ. ಹೋಗಲೇಬೇಕು ಕೂಡ.

ಎದೆಯುರಿ ಇದೆ, ಮಾತ್ರೆ ಕೇಳುತ್ತಿಲ್ಲ, ಆಪರೇಷನ್ ಮಾಡಿಸಿಬಿಡೋಣ ಅಂತ ಬರುವವರು ತುಂಬ ಜನ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮಾತ್ರೆಗೆ ಬಗ್ಗದ ಎದೆಯುರಿ ಅಂತ ಕಳಿಸಿದ್ದ 366 ಜನರನ್ನು ಸರಿಯಾಗಿ ಪರೀಕ್ಷೆ ಮಾಡಿದರು. 42 ಜನಕ್ಕೆ ಮಾತ್ರೆಯನ್ನು ಹೇಳಿದ ರೀತಿಯಲ್ಲಿ ತೆಗೆದುಕೊಂಡಿದ್ದೇ ಸಾಕಾಯ್ತು. 99 ಜನಕ್ಕೆ ರಿಫ್ಲಕ್ಸ್, ಅಂದರೆ ಜಠರದಲ್ಲಿದ್ದದ್ದು ಮೇಲಕ್ಕೆ ಬರುವ ತೊಂದರೆಯೇ ಇರಲಿಲ್ಲ, ಉರಿ ಮಾತ್ರ ಇತ್ತು. ಬೇರೆ ಬೇರೆ ಕಾರಣಕ್ಕೆ ಇನ್ನೂ ಎಷ್ಟೋ ಜನ ಬಿಟ್ಟುಹೋಗಿ ಕೊನೆಗೆ ಚಿಕಿತ್ಸೆಯ ಹೋಲಿಕೆಗೆ ಉಳಿದವರು 78 ಜನ. ಅವರಲ್ಲಿ ಆಪರೇಷನ್ ಆದವರಲ್ಲಿ ಶೇ. 67 ಮಂದಿಗೆ ಒಳ್ಳೆಯದಾಯ್ತು, ಬೇರೆ ಔಷಧಿ ಸೇರಿಸಿದವರಲ್ಲಿ ಶೇ. 28ಕ್ಕೆ. ಸರಿಯಾದವರನ್ನು ಆರಿಸಿದರೆ ಆಪರೇಷನ್ ಚೆನ್ನಾಗಿ ಕೆಲಸ ಮಾಡುತ್ತದೆ. ಆ ಆರಿಸುವ ಹಂತವನ್ನೇ ಹಾರಿಸಿದರೆ ರಿಫ್ಲಕ್ಸ್ ಇಲ್ಲದವರ ಹೊಟ್ಟೆಯನ್ನೂ ಸುಮ್ನೆ ತೂತು ಮಾಡಿದ ಹಾಗಾಗುತ್ತದೆ.

ಅನುಮಾನ ಇದ್ದರೆ ಮೂಗಿನಿಂದ ಸಣ್ಣ ಕೊಳವೆ ಬಿಟ್ಟು 24 ಗಂಟೆ ಆಮ್ಲ ಅಳೆಯುವ ಪಿಎಚ್ ಪರೀಕ್ಷೆ ಮಾಡುತ್ತಾರೆ. ಅತ್ತೆಗೆ ಅದು ಬೇಕಾಗಲಿಲ್ಲ. ಸಿ ಗ್ರೇಡ್ ಹುಣ್ಣೇ ಸಾಕಷ್ಟು ಸಾಕ್ಷಿ. ಬೇರಿಯಂ ಕುಡಿಸಿ ಎಕ್ಸರೇ ತೆಗೆದಾಗ ಜಠರದ ಮೂರರಲ್ಲೊಂದು ಪಾಲು ಎದೆಯೊಳಗೆ ಕಂಡಿತು. ಉಳಿದಿದ್ದು ಮ್ಯಾನೋಮೆಟ್ರಿ. ಅನ್ನನಾಳ ಎಷ್ಟು ಜೋರಾಗಿ ಹಿಂಡಿ ಊಟವನ್ನು ಕೆಳಗೆ ತಳ್ಳುತ್ತದೆ ಅಂತ ನೋಡುವ ಪರೀಕ್ಷೆ. ಅದು ಹತ್ತಿರದಲ್ಲಿ ಇರಲಿಲ್ಲ, ಬೆಂಗಳೂರಿಗೆ ಹೋಗಬೇಕಾಯ್ತು. "ಇಷ್ಟೆಲ್ಲ ನೋಡವ್ರೆ, ಇನ್ನೇನ್ ಬಾಕಿ?" ಅಂತ ಮಾವ ಗೊಣಗಿದರು. ಆದರೆ ಯಾವ ಆಪರೇಷನ್ ಅನ್ನುವುದನ್ನು ತೀರ್ಮಾನಿಸಿದ್ದೇ ಆ ಪರೀಕ್ಷೆ. ಅತ್ತೆಯ ಅನ್ನನಾಳದ ಹಿಂಡುವ ಶಕ್ತಿ ಕಮ್ಮಿಯಿತ್ತು.

ರುಡಾಲ್ಫ್ ನಿಸ್ಸೆನ್ ಅನ್ನುವ ಸರ್ಜನ್ 1955ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಶುರು ಮಾಡಿದ ವಿಧಾನ ಇಂದಿಗೂ ಇದೆ. ಜಠರದ ಮೇಲ್ಭಾಗವನ್ನು ಅನ್ನನಾಳದ ಬುಡಕ್ಕೆ ಪೂರ್ತಿ, ಕೊರಳಿಗೆ ಮಫ್ಲರ್ ಸುತ್ತಿದ ಹಾಗೆ ಸುತ್ತಿ ಹೊಲಿಯುವುದು. ಹಿಂಡುವ ಶಕ್ತಿ ಇಲ್ಲದ ಅನ್ನನಾಳಕ್ಕೆ ಪೂರ್ತಿ ಸುತ್ತಿದರೆ ಊಟ ಇಳಿಯುವುದು ಕಷ್ಟ. ಅಂಥವರಿಗೆ ಹಿಂದಿನಿಂದ 270 ಡಿಗ್ರಿಯಷ್ಟೇ ಸುತ್ತಿ ಮುಂದೆ ಸ್ವಲ್ಪ ಜಾಗ ಬಿಡುವ ಟೂಪೆ ವಿಧಾನ ಒಳ್ಳೆಯದು ಅನ್ನುತ್ತಾರೆ. ಅತ್ತೆಗೆ ಅದೇ ನಿಗದಿಯಾಯ್ತು.

ಸರ್ಜನ್ ಒಂದು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದರು. ನನಗೆ ಇಷ್ಟವಾಗಿದ್ದು ಅವರು ಕಷ್ಟವನ್ನೂ ಹೇಳಿದ್ದು. ತೇಗು ಮೊದಲಿನ ಹಾಗೆ ಬರುವುದಿಲ್ಲ. ವಾಂತಿ ಮಾಡುವುದೂ ಕಷ್ಟವಾಗಬಹುದು. ಗಾಳಿಯೆಲ್ಲ ಕೆಳಗಿನಿಂದಲೇ ಹೋಗಬೇಕು. ದೊಡ್ಡ ಹರ್ನಿಯಾ ಮತ್ತೆ ಬರುವ ಸಾಧ್ಯತೆ ಇದ್ದೇ ಇದೆ. ಈ ಕೊನೆಯ ಮಾತು ನಿಜ. ದೊಡ್ಡ ಹರ್ನಿಯಾ ರಿಪೇರಿಯಾದವರನ್ನು ಐದು ವರ್ಷದ ಹತ್ತಿರ ಎಕ್ಸರೇ ಮಾಡಿ ನೋಡಿದ ಒಂದು ಅಧ್ಯಯನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಸಣ್ಣದಾಗಿಯಾದರೂ ಮತ್ತೆ ಕಂಡಿತ್ತು. ಹೊಲಿಗೆಗೆ ಆಸರೆಯಾಗಿ ಜೈವಿಕ ಮೆಶ್ (ಬಲೆಯಂಥ ತುಂಡು) ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ. ಆದರೆ ಹೆಚ್ಚಿನವರಿಗೆ ತೊಂದರೆ ಇರಲಿಲ್ಲ, ಮತ್ತೆ ಆಪರೇಷನ್ ಬೇಕಾದವರು ಬೆರಳೆಣಿಕೆಯಷ್ಟು. ಇದನ್ನೆಲ್ಲ ಕೇಳಿಸಿಕೊಂಡ ಅತ್ತೆ ಕೇಳಿದ್ದು ಒಂದೇ: "ಮುದ್ದೆ ಉಣ್ಬೋದಾ?"

ಸರ್ಜನ್ ನನ್ನ ಕಡೆ ನೋಡಿದರು.

ಹಲ್ಲು, ಕಡ್ಡಿಪುಡಿ, ರಕ್ತ

ತಯಾರಿಗೆ ಆರು ವಾರ ಕೊಟ್ಟಿದ್ದರು. ರಕ್ತ ಕಮ್ಮಿ ಇಟ್ಟುಕೊಂಡು ಆಪರೇಷನ್‌ಗೆ ಹೋಗಬಾರದು. ಕಬ್ಬಿಣದ ಮಾತ್ರೆಯಿಂದ ಏರಿದ್ದು ನಿಲ್ಲುತ್ತಿರಲಿಲ್ಲ. ಆಮ್ಲ ಕಮ್ಮಿ ಮಾಡುವ ಮಾತ್ರೆ ವರ್ಷಗಟ್ಟಲೆ ತಿಂದರೆ ಕಬ್ಬಿಣ ಹೀರಿಕೊಳ್ಳುವುದೂ ಕಮ್ಮಿಯಾಗುತ್ತದೆ. ಅದಕ್ಕೆ ಕಬ್ಬಿಣವನ್ನು ಡ್ರಿಪ್‌ನಲ್ಲೇ ಕೊಟ್ಟರು. ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 10.9 ಆಯ್ತು. ಮಲಬದ್ಧತೆಗೂ ಔಷಧಿ ಕೊಟ್ಟರು. ತಿಣುಕುವುದು, ಕೆಮ್ಮುವುದು ಎರಡೂ ಒಳಗಿನ ಹೊಲಿಗೆಗೆ ಶತ್ರು.

ಎಲೆಅಡಿಕೆ ಜೊತೆ ಕಡ್ಡಿಪುಡಿ ಹಾಕುವ ಅಭ್ಯಾಸ ಮೂವತ್ತು ವರ್ಷದ್ದು. ಹೊಗೆಸೊಪ್ಪಿನ ನಿಕೋಟಿನ್ ಅನ್ನನಾಳದ ಬಾಗಿಲನ್ನು ಇನ್ನೂ ಸಡಿಲ ಮಾಡುತ್ತದೆ, ಗಾಯ ಮಾಯುವುದನ್ನು ತಡ ಮಾಡುತ್ತದೆ. ಬಿಡಿಸುವುದು ಸುಲಭವಾಗಲಿಲ್ಲ. ಮೊಮ್ಮಗಳು ಎಲೆ ಚೀಲ ಬಚ್ಚಿಟ್ಟಳು. ಅತ್ತೆ ಪಕ್ಕದ ಮನೆಗೆ ಹೋಗಿ ಹಾಕಿಕೊಂಡು ಬಂದರು. ಕೊನೆಗೆ ಕೆಲಸ ಮಾಡಿದ್ದು ಅರಿವಳಿಕೆ ಡಾಕ್ಟರ ಗದರಿಕೆ.

ನನ್ನ ಪಾಲಿನ ಕೆಲಸ ಊಟ. ಒಂದು ದಿನ ಎದುರಿಗೆ ಕೂತು ಅವರು ಉಣ್ಣುವುದನ್ನೇ ನೋಡಿದೆ. ಬೆರಳಲ್ಲಿ ಮುದ್ದೆ ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಬಸ್ಸಾರಿನಲ್ಲಿ ಅದ್ದಿ ಗುಳುಕ್ ಅಂತ ನುಂಗುವುದು. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಅಗಿದರೆ ನಗುತ್ತಾರೆ. ಆಮೇಲೆ ಅನ್ನ ಬಂತು, ಅದನ್ನೂ ಹಾಗೇ ನುಂಗಿದರು. ಬಾಯಿ ತೆಗೆಯಿರಿ ಅಂದೆ. ಬಲಗಡೆ ದವಡೆ ಹಲ್ಲು ಒಂದೂ ಇಲ್ಲ, ಎಡಗಡೆ ಒಂದಿದೆ, ಅದೂ ಅಲ್ಲಾಡುತ್ತಿದೆ. ದಿನಾ ಮುದ್ದೆ ಉಣ್ಣುವ ಮನೆಯಲ್ಲಿ ಹಲ್ಲು ಹೋಗಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ, ಅವರಿಗೂ ಅದು ಕೊರತೆ ಅನ್ನಿಸಿರಲಿಲ್ಲ. ಈ ಆಪರೇಷನ್ ಆದವರು ಮಾತ್ರ ಪ್ರತಿ ತುತ್ತನ್ನೂ ಬಾಯಲ್ಲೇ ನುಣ್ಣಗೆ ಮಾಡಿ ಕಳಿಸಬೇಕು. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ತೆಗೆದು ಹಾಕುವ ಹಲ್ಲಿನ ಸೆಟ್ ಮಾಡಿಸಿದೆವು. ಈ ಆಪರೇಷನ್‌ಗೆ ಹೋಗುವವರಿಗೆ ಕೊಡುವ ಯಾವ ಪಟ್ಟಿಯಲ್ಲೂ ನಾನು ಹಲ್ಲಿನ ವಿಷಯ ನೋಡಿಲ್ಲ. ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಹೊಸ ಹಲ್ಲಿನಲ್ಲಿ ಅಗಿಯುವುದನ್ನು ಮುಂಚೆಯೇ ರೂಢಿ ಮಾಡಿಸಿದೆ. ಚಿಕ್ಕ ಚಮಚ, ಚಿಕ್ಕ ತುತ್ತು, ದಿನಕ್ಕೆ ಆರು ಸಲ ಊಟ, ರಾತ್ರಿ ಊಟ ಮಲಗುವುದಕ್ಕೆ ಮೂರು ಗಂಟೆ ಮುಂಚೆ. ಆಪರೇಷನ್ ಆದ ಮೇಲೆ ಕಲಿಯುತ್ತೇನೆ ಅಂದರೆ ನೋವಿನಲ್ಲಿ ಯಾವುದೂ ತಲೆಗೆ ಹತ್ತುವುದಿಲ್ಲ. ಉಸಿರೆಳೆದು ಶ್ವಾಸಕೋಶಕ್ಕೆ ವ್ಯಾಯಾಮ ಮಾಡಿಸುವ ಮೂರು ಚೆಂಡಿನ ಸ್ಪೈರೋಮೀಟರ್ ಕೊಟ್ಟಿದ್ದರು. ಅದನ್ನು ಮೊಮ್ಮಗಳ ಜೊತೆ ಪಂದ್ಯ ಕಟ್ಟಿ ಎಳೆಯುತ್ತಿದ್ದರು.

ಹಿಂದಿನ ರಾತ್ರಿ ತೆಳು ಗಂಜಿ, ಆಮೇಲೆ ಉಪವಾಸ. ಬೆಳಿಗ್ಗೆ ಬಿಪಿ ಮಾತ್ರೆ ಮಾತ್ರ ಒಂದು ಗುಟುಕು ನೀರಿನಲ್ಲಿ. ಇಂಥ ಹರ್ನಿಯಾದಲ್ಲಿ ಊಟ ಜಠರದಲ್ಲೇ ಕೂತಿರಬಹುದು, ಅರಿವಳಿಕೆ ಕೊಡುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಅದಕ್ಕೇ ಉಪವಾಸದ ವಿಷಯದಲ್ಲಿ ರಾಜಿ ಇಲ್ಲ.

ಆಪರೇಷನ್ ಬಗ್ಗೆ ಬರೆಯುವುದು ಕಮ್ಮಿ. ಐದು ಸಣ್ಣ ತೂತು, ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡಿಕೊಂಡು, ಜಠರವನ್ನು ಕೆಳಗೆಳೆದು, ವಪೆಯ ಕಿಂಡಿಯನ್ನು ಹೊಲಿದು ಚಿಕ್ಕದು ಮಾಡಿ, ಆಮೇಲೆ ಸುತ್ತು. ಎರಡೂವರೆ ಗಂಟೆ. ಮೆಶ್ ಹಾಕಲಿಲ್ಲ.

ಎಚ್ಚರವಾದ ಮೇಲೆ ಹೊಟ್ಟೆಗಿಂತ ಎಡ ಭುಜ ನೋಯುತ್ತಿದೆ ಅಂತ ಗಾಬರಿಯಾದರು. ಉಳಿದ ಗ್ಯಾಸ್ ವಪೆಯನ್ನು ಕೆಣಕುತ್ತದೆ, ಆ ನರದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಓಡಾಡಿದಂತೆ ಎರಡು ಮೂರು ದಿನದಲ್ಲಿ ಹೋಯ್ತು. ವಾಂತಿಯಾಗದ ಹಾಗೆ ಔಷಧಿ ಕೊಡುತ್ತಲೇ ಇದ್ದರು. ಮೊದಲ ದಿನಗಳಲ್ಲಿ ಜೋರಾಗಿ ಓಕರಿಸಿದರೆ ಹೊಲಿಗೆ ಬಿಟ್ಟುಹೋಗಬಹುದು. ಓಕರಿಕೆ ಬಂದ ಹಾಗೆ ಅನ್ನಿಸಿದ ತಕ್ಷಣ ನರ್ಸ್‌ಗೆ ಹೇಳಬೇಕು, ತಡೆದುಕೊಂಡು ಮಲಗಬಾರದು. ಮೂರನೇ ದಿನ ಮನೆಗೆ ಕಳಿಸಿದರು.

ಮನೆಯಲ್ಲಿ

ಆಸ್ಪತ್ರೆಯಿಂದ ಬಂದವರನ್ನು ನೋಡಲು ಬರುವವರು ಏನು ತರುತ್ತಾರೆ? ಬ್ರೆಡ್ಡು, ಬನ್ನು, ಬಿಸ್ಕತ್ತು, ಮೋಸಂಬಿ. ಈ ಆಪರೇಷನ್ ಆದವರಿಗೆ ಬ್ರೆಡ್ಡಿನಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅನ್ನನಾಳದ ಬುಡ ಊದಿಕೊಂಡಿರುತ್ತದೆ, ಬ್ರೆಡ್ಡು ಎಂಜಲಿನಲ್ಲಿ ಅಂಟುಂಡೆಯಾಗಿ ಅಲ್ಲೇ ಕೂರುತ್ತದೆ. ಒಣ ಚಪಾತಿ, ಉದುರುದುರು ಅನ್ನ, ಮಾಂಸದ ತುಂಡು ಕೂಡ ಹಾಗೇ. ಇಡ್ಲಿ ಮೆತ್ತಗಿದೆ ಅಂತ ಮೋಸ ಹೋಗುವವರು ಜಾಸ್ತಿ. ಬಂದ ಬ್ರೆಡ್ಡೆಲ್ಲ ಹಸುಗಳಿಗೆ ಹೋಯ್ತು.

ಮೊದಲ ವಾರ ನೀರಾದದ್ದು ಮಾತ್ರ: ಎಳನೀರು, ಸೋಸಿದ ಬೇಳೆಕಟ್ಟು, ನೀರು ಮಜ್ಜಿಗೆ, ತೆಳು ರಾಗಿ ಅಂಬಲಿ. ಅಂಬಲಿಯೇ ಅವರನ್ನು ಉಳಿಸಿತು. ಬಾಯಿಗೆ ಗುರುತಿರುವ ರುಚಿ. ಎರಡನೇ ವಾರದಿಂದ ಗಟ್ಟಿ ಗಂಜಿ, ಮಿಕ್ಸಿಗೆ ಹಾಕಿದ ಬೇಳೆ ಅನ್ನ, ಮೊಸರು. ಸ್ಟ್ರಾ ಬೇಡ, ಸೋಡಾ ಬೇಡ. ಗಾಳಿ ಒಳಗೆ ಹೋದರೆ ಹೊರಗೆ ಬರುವ ದಾರಿ ಕಷ್ಟ. ಮಾತ್ರೆಗಳನ್ನು ಇಡಿಯಾಗಿ ನುಂಗಬಹುದಾ ಅಂತ ಯಾರೂ ಕೇಳುವುದಿಲ್ಲ, ಕೇಳಬೇಕು. ಬಿಪಿ ಮಾತ್ರೆ ಪುಡಿ ಮಾಡಬಹುದು ಅಂದರು. ಪ್ಯಾಂಟೊಪ್ರಜೋಲ್ ಮೇಲಿನ ಲೇಪ ಒಡೆಯಬಾರದು, ಅದಕ್ಕೆ ಬೇರೆ ರೂಪದ್ದು ಬರೆದುಕೊಟ್ಟರು.

ಮೂರನೇ ವಾರ ಎಡವಟ್ಟಾಯ್ತು. ಓರಗಿತ್ತಿ ಬಸ್ಸಾರು ಮಾಡಿಕೊಂಡು ಬಂದಿದ್ದರು. "ಅಯ್ಯೋ, ಒಂದ್ ತುತ್ತು ಉಂಡ್ರೆ ಏನಾಯ್ತದೆ, ಎಷ್ಟ್ ದಿನ ನೀರ್ ಕುಡ್ಕೊಂಡ್ ಇರ್ತೀಯ?" ಗೋಲಿಯಷ್ಟು ಮುದ್ದೆ. ಅಭ್ಯಾಸ ಬಲ, ಅಗಿಯಲಿಲ್ಲ. ಎದೆಯ ನಡುವೆ ಒತ್ತಿ ಹಿಡಿದ ಹಾಗಾಯ್ತಂತೆ. ಬಾಯಲ್ಲಿ ನೊರೆನೊರೆ ಎಂಜಲು, ನುಂಗಲು ಆಗುತ್ತಿಲ್ಲ. ಓರಗಿತ್ತಿ ನೀರು ಕುಡಿ ಅಂತ ಚೊಂಬು ಹಿಡಿದರು. ಸೊಸೆ ತಡೆದಳು, ಪುಣ್ಯಕ್ಕೆ. ಸಿಕ್ಕಿಕೊಂಡಾಗ ಮೇಲಿನಿಂದ ನೀರು ಸುರಿದರೆ ಅದೂ ಅಲ್ಲೇ ನಿಂತು ಒದ್ದಾಟ ಜಾಸ್ತಿಯಾಗುತ್ತದೆ. ನನಗೆ ಫೋನ್ ಬಂತು. ಕೂರಿಸಬೇಡಿ, ನಿಲ್ಲಿಸಿ, ಮೆಲ್ಲಗೆ ನಡೆಸಿ, ಎಂಜಲನ್ನು ಉಗುಳಲಿ, ಬೆರಳು ಹಾಕಿ ವಾಂತಿ ಮಾಡಿಸಬೇಡಿ ಅಂದೆ. ಸರ್ಜನ್‌ಗೂ ತಿಳಿಸಿದೆ. ಅಂಗಳದಲ್ಲಿ ಆಚೀಚೆ ಓಡಾಡುತ್ತಾ ಅರ್ಧ ಗಂಟೆಯಲ್ಲಿ ಇಳಿಯಿತು. ಇಳಿಯದೆ ಎಂಜಲೂ ಹೋಗದಿದ್ದರೆ ಆಸ್ಪತ್ರೆಗೆ ಓಡಲೇಬೇಕಿತ್ತು, ಎಂಡೋಸ್ಕೋಪಿಯಲ್ಲಿ ತೆಗೆಯುತ್ತಾರೆ. ಹಾಗೆಯೇ ಜ್ವರ, ಉಸಿರಾಟದ ತೊಂದರೆ, ಜೋರು ಎದೆನೋವು, ನಿಲ್ಲದ ಓಕರಿಕೆ, ಇವುಗಳಲ್ಲಿ ಯಾವುದು ಬಂದರೂ ಬೆಳಗಾಗಲಿ ಅಂತ ಕಾಯಬಾರದು.

ಓರಗಿತ್ತಿಯನ್ನು ಯಾರೂ ಬೈಯಲಿಲ್ಲ. ನಮ್ಮ ಕಡೆ ಪ್ರೀತಿ ತೋರಿಸುವುದೇ ತಟ್ಟೆಗೆ ಬಡಿಸುವುದರಲ್ಲಿ, ಅಲ್ವಾ. ರೋಗಿಗೆ ಮಾತ್ರ ಪಥ್ಯ ಹೇಳಿ ಕಳಿಸಿದರೆ ಸಾಲದು, ಬಡಿಸುವವರನ್ನೂ ಕೂರಿಸಿಕೊಂಡು ಹೇಳಬೇಕು. ಆಮೇಲೆ ಅದೇ ಓರಗಿತ್ತಿ ದಿನಾ ಅಂಬಲಿ ಕಾಯಿಸಿ ತರುತ್ತಿದ್ದರು.

ಭಾರದ ವಿಷಯದಲ್ಲಿ ಇನ್ನೊಂದು ಜಗಳ. ಐದು ಕೆಜಿಗಿಂತ ಜಾಸ್ತಿ ಎತ್ತಬೇಡಿ ಅಂತ ಡಿಸ್‌ಚಾರ್ಜ್ ಹಾಳೆಯಲ್ಲಿ ಬರೆದಿತ್ತು. ಹಳ್ಳಿಯಲ್ಲಿ ಐದು ಕೆಜಿ ಅಂದರೆ ಎಷ್ಟು? ತುಂಬಿದ ಬಿಂದಿಗೆ ಹತ್ತು ಕೆಜಿ ದಾಟುತ್ತದೆ. ಸಗಣಿ ಮಂಕರಿ, ಹುಲ್ಲಿನ ಹೊರೆ, ಡೇರಿಗೆ ಒಯ್ಯುವ ಹಾಲಿನ ಕ್ಯಾನು, ಯಾವುದೂ ಐದರೊಳಗೆ ಬರುವುದಿಲ್ಲ. ಅದೂ ರಾಗಿ ಕುಯ್ಲಿನ ಕಾಲ. ಮಾವ ಮೂರು ತಿಂಗಳು ಹಸು ಕರೆದರು. ಮೊದಲ ವಾರ ಹಸು ಅವರಿಗೆ ಸೊರ ಬಿಡಲಿಲ್ಲ, ಅತ್ತೆ ಪಕ್ಕದಲ್ಲಿ ನಿಂತು ಮೈ ಸವರಬೇಕಾಯ್ತು.

ಅವರೆಕಾಯಿ ಕಾಲ ಬಂದಾಗ ಎರಡು ತಿಂಗಳಾಗಿತ್ತು. ಹಿದುಕಿದ ಬೇಳೆ ಸಾರು ನುಂಗಲು ಸಲೀಸು, ಹಾಗಾಗಿ ಎರಡು ಬಟ್ಟಲು ಕುಡಿದರು. ಸಂಜೆಗೆ ಹೊಟ್ಟೆ ತಮಟೆಯಾಯ್ತು. ತೇಗು ಬರುವುದಿಲ್ಲ. ಸರ್ಜನ್ ಚಿತ್ರ ಬರೆದು ಹೇಳಿದ್ದು ಇದನ್ನೇ. ನಡೆದಾಡಿ, ಎಡಮಗ್ಗುಲು ಮಲಗಿ ರಾತ್ರಿಯ ಹೊತ್ತಿಗೆ ಸರಿಹೋಯ್ತು. ಅವರೆ ಬಿಡಲಿಲ್ಲ, ಅರ್ಧ ಬಟ್ಟಲಿಗೆ ಇಳಿಸಿದರು.

ಆರು ತಿಂಗಳಿಗೆ ಹಿಮೋಗ್ಲೋಬಿನ್ 12.3. ಕೆಮ್ಮು ಇಲ್ಲ, ಚಪ್ಪಟೆಯಾಗಿ ಮಲಗುತ್ತಾರೆ, ಕೆರೆ ಏರಿ ಹತ್ತುತ್ತಾರೆ. ತೂಕ ಐದು ಕೆಜಿ ಇಳಿದು ಅಲ್ಲೇ ನಿಂತಿದೆ. ಕ್ಯಾಮರೂನ್ ಹುಣ್ಣು ಮಾಯಲಿ ಅಂತ ಎರಡು ತಿಂಗಳು ಮುಂದುವರಿಸಿದ್ದ ಆಮ್ಲದ ಮಾತ್ರೆಯನ್ನು ನಿಲ್ಲಿಸಿದ್ದಾರೆ. ಮುಂದೆಂದೂ ಬೇಡ ಅಂತ ಯಾರೂ ಭರವಸೆ ಕೊಟ್ಟಿಲ್ಲ. ಈ ಆಪರೇಷನ್ ಆದವರಲ್ಲಿ ಎಷ್ಟೋ ಜನ ಕೆಲವು ವರ್ಷದ ಮೇಲೆ ಮತ್ತೆ ಮಾತ್ರೆಗೆ ಬರುವುದುಂಟು. ಗಾಳಿ ಹೋಗುವುದು ಜಾಸ್ತಿಯಾಗಿದೆ, ಅದಕ್ಕೆ ಮೊಮ್ಮಕ್ಕಳು ನಗುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟಿದ್ದಾರೆ, ಎಲ್ಲರ ವೇಗಕ್ಕೆ ಉಣ್ಣಲು ಆಗುವುದಿಲ್ಲ ಅಂತ.

ಮುದ್ದೆಗೆ ನಾಲ್ಕನೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ನೀರು ಜಾಸ್ತಿ ಇಟ್ಟು ಮೆತ್ತಗೆ ತೊಳಸಿದ್ದು, ನಿಂಬೆಹಣ್ಣಿನ ಗಾತ್ರ, ಸಾರಿನಲ್ಲಿ ಕಿವುಚಿ ಚಮಚದಲ್ಲಿ. "ಇದು ಮುದ್ದೆನಾ?" ಅಂತ ಅತ್ತೆ ಈಗಲೂ ಕೇಳುತ್ತಾರೆ, ಹಲ್ಲಿನ ಸೆಟ್ ಹಾಕಿಕೊಂಡು ಅಗಿಯುತ್ತಲೇ. ಮೂರು ತಿಂಗಳಿಗೊಮ್ಮೆ ಹಿಮೋಗ್ಲೋಬಿನ್ ನೋಡಿಸಬೇಕು. ಮತ್ತೆ ಇಳಿಯಲು ಶುರುವಾದರೆ, ಇಲ್ಲವೇ ಬಗ್ಗಿದಾಗ ಊಟ ವಾಪಸ್ ಬರಲು ಶುರುವಾದರೆ ಬೇರಿಯಂ ಎಕ್ಸರೇ.